ಇಡೀ ಓಣಿಯ ನಂಬರು

ಫೋನ್ ಮೌಶಿಯ ಎಡಗಿವಿಯಲ್ಲಿ ಮಾತ್ರ ಬೆಂಡೋಲೆ ಇರುತ್ತಿತ್ತು. ಬಲಗಿವಿ ಬರಿದು. ಆ ಕಿವಿಯ ತೂತು ಯಾವಾಗಲೋ ಮುಚ್ಚಿಹೋಗಿ ಒಂದು ಚುಕ್ಕೆಯಷ್ಟು ಗುರುತು ಉಳಿದಿತ್ತು. ಕಿವಿಯ ಅಂಚು ಕೂಡ ಇನ್ನೊಂದರಂತೆ ಅರಳಿರದೆ ತಲೆಗೆ ಒತ್ತಿಕೊಂಡಂತೆ ಕಾಣುತ್ತಿತ್ತು. ಹೊಸದಾಗಿ ನೋಡಿದವರು ಓಲೆ ಎಲ್ಲೋ ಬಿದ್ದಿದೆ ಎಂದು ಗಾಬರಿಯಿಂದ ಹೇಳಿದರೆ, ಅದು ಬಿದ್ದದ್ದಲ್ಲ, ತಾನೇ ತೆಗೆದಿಟ್ಟದ್ದು ಎಂದು ಮೌಶಿ ಸಮಾಧಾನ ಮಾಡುತ್ತಿದ್ದರು. ರಿಸೀವರಿಗೆ ಓಲೆ ಬಡಿದರೆ ಆ ಕಡೆಯವರ ಮಾತು ಸರಿಯಾಗಿ ಕೇಳುವುದಿಲ್ಲವಂತೆ. ಇದನ್ನು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದರೂ ಅವರಿಗೆ ಬೇಸರವಾದದ್ದನ್ನು ನಾನು ಕಾಣೆ.

ಪಟಾನ್‌ಚೆರು ರಸ್ತೆ ಬಿಟ್ಟು ಸ್ವಲ್ಪ ಒಳಗೆ ಬಂದರೆ, ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯ ಹಿಂಬದಿಯ ಗೋಡೆಗೆ ತಾಗಿ ನಮ್ಮ ಓಣಿ ಇದೆ. ಬೀದರ, ಕಲಬುರಗಿ, ರಾಯಚೂರು, ವಿಜಯಪುರದ ಕಡೆಯಿಂದ ಆ ಕಾರ್ಖಾನೆಯ ಕೆಲಸಕ್ಕೆಂದು ಬಂದವರು ಒಬ್ಬರ ಹಿಂದೆ ಒಬ್ಬರು ಜಾಗ ಹಿಡಿದು ಕಟ್ಟಿಕೊಂಡ ಮನೆಗಳು. ಅಂಗಡಿಯಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ, ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಕನ್ನಡ. ಓಣಿಯ ಬಾಯಲ್ಲೇ, ದೊಡ್ಡ ರಸ್ತೆಗೆ ಮುಖ ಮಾಡಿಕೊಂಡಿರುವುದು ಮೌಶಿಯ ಮನೆ. ಓಣಿಯ ಆ ತುದಿಗೆ, ಗೋಡೆಯ ನೆರಳಲ್ಲಿ ನಮ್ಮದು. ಮೌಶಿ ನಮಗೆ ರಕ್ತಸಂಬಂಧಿಯಲ್ಲ. ಅವ್ವ ಅವರನ್ನು ಅಕ್ಕಾ ಎಂದು ಕರೆಯುತ್ತಿದ್ದಳು, ಹಾಗಾಗಿ ನನಗೆ ಮೌಶಿಯಾದರು.

ಅವರ ಯಜಮಾನರು ಕಾರ್ಖಾನೆಯ ವಿದ್ಯುತ್ ರಿಪೇರಿಯ ವಿಭಾಗದಲ್ಲಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬರುವ ಕೆಲಸವಾದ್ದರಿಂದ ಕಾರ್ಖಾನೆಯವರೇ ಮನೆಗೆ ಫೋನ್ ಹಾಕಿಸಿಕೊಟ್ಟಿದ್ದರು. ಓಣಿಗೆಲ್ಲ ಅದೊಂದೇ ಫೋನು. ಪಕ್ಕದ ಮನೆಯ ನಂಬರು ಬರೆದು, ಮುಂದೆ ಪಿ.ಪಿ. ಎಂದು ಎರಡಕ್ಷರ ಹಾಕಿ ಊರಿಗೆಲ್ಲ ಹಂಚುವ ಕಾಲ ಅದು. ನಮ್ಮ ಓಣಿಯ ಎಲ್ಲರ ಮದುವೆ ಪತ್ರಿಕೆಯಲ್ಲಿ, ಮಕ್ಕಳ ಶಾಲೆಯಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ ಇದ್ದದ್ದು ಮೌಶಿಯ ಮನೆಯ ನಂಬರು. ಹೈದರಾಬಾದಿಗೆ ಬಂದವರು ಮೊದಲು ಬಾಯಿಪಾಠ ಮಾಡುತ್ತಿದ್ದುದು ತಮ್ಮ ಮನೆಯ ವಿಳಾಸವನ್ನಲ್ಲ, ಆ ನಂಬರನ್ನು.

ಕರೆ ಬಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಲು ಹೇಳಿ ಮೌಶಿ ಮಾಳಿಗೆ ಹತ್ತುತ್ತಿದ್ದರು. ಅಲ್ಲಿ ನಿಂತು, ಒಂದು ಕೈಯಲ್ಲಿ ಸೆರಗು ಹಿಡಿದು ಕೂಗಿದರೆ ಕಾರ್ಖಾನೆಯ ಗೋಡೆಯವರೆಗೂ ಕೇಳುತ್ತಿತ್ತು. ಹೆಸರು ಹಿಡಿದು ಕೂಗುತ್ತಿರಲಿಲ್ಲ. ರಾಯಚೂರಿನವರ ಸಣ್ಣ ಸೊಸಿ, ಕೊನೀ ಮನಿ ಮಾಸ್ತರ, ಹೊಲಿಗಿ ಅಕ್ಕ, ಹೀಗೆ. ಯಾರ ಫೋನು, ಯಾವ ಊರಿನಿಂದ ಬಂತು ಎನ್ನುವುದನ್ನೂ ಸೇರಿಸಿಯೇ ಕೂಗುತ್ತಿದ್ದುದರಿಂದ ಒಬ್ಬರ ಸಂಗತಿ ಎಲ್ಲರಿಗೂ ಗೊತ್ತಾಗುತ್ತಿತ್ತು. ಇದಕ್ಕೆ ಮುನಿಸಿಕೊಂಡವರೂ ಇದ್ದರು. ಅವರಿಗೂ ಫೋನ್ ಬಂದಾಗ ಮೌಶಿ ಅಷ್ಟೇ ಗಟ್ಟಿಯಾಗಿ ಕೂಗುತ್ತಿದ್ದರು.

ಕೆಟ್ಟ ಸುದ್ದಿಯನ್ನು ಮಾತ್ರ ಅವರು ಮಾಳಿಗೆಯಿಂದ ಹೇಳಿದವರಲ್ಲ. ಆಗ ಒಲೆ ಆರಿಸಿ, ಬೇರೆ ಸೀರೆ ಉಟ್ಟು, ತಾವೇ ನಡೆದುಕೊಂಡು ಬರುತ್ತಿದ್ದರು. ಮೌಶಿ ಕೂಗದೆ ನಡೆದು ಬಂದರೆಂದರೆ ಹೆಂಗಸರು ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಿದ್ದರು. ಅಪ್ಪ ಕಾರ್ಖಾನೆಯಲ್ಲಿ ಎದೆನೋವು ಬಂದು ತೀರಿಕೊಂಡ ದಿನ ಅವರು ಓಣಿಯುದ್ದಕ್ಕೂ ನಡೆದು ನಮ್ಮ ಮನೆಯ ಕಡೆಗೇ ಬರುವುದನ್ನು ನಾನು ಹೊಸ್ತಿಲ ಮೇಲೆ ನಿಂತು ನೋಡಿದ್ದೇನೆ. ಪ್ರತಿ ಮನೆ ಬಂದಾಗಲೂ ಆ ಮನೆಗೇ ತಿರುಗಲಿ ಎಂದು ಬೇಡಿಕೊಂಡೆ. ಅವರು ಬಂದವರೇ ಕುಡಿಯಲು ನೀರು ಕೇಳಿದರು. ಅವ್ವನನ್ನು ಕೂರಿಸಿ, ಆಕೆಗೂ ಅದೇ ತಂಬಿಗೆಯಿಂದ ನೀರು ಕುಡಿಸಿ, ಕೈ ಹಿಡಿದುಕೊಂಡು ಆಮೇಲೆ ಹೇಳಿದರು.

ಮೊಬೈಲು ಬಂದ ಮೇಲೆ ಮಾಳಿಗೆ ಹತ್ತುವ ಕೆಲಸ ನಿಂತಿತು. ಯಜಮಾನರು ಹೋದರು. ರಸ್ತೆ ಅಗೆಯುವಾಗ ತಂತಿ ತುಂಡಾಗಿ ಆ ಫೋನು ಸತ್ತಿತು. ಮೌಶಿ ಅದನ್ನು ತೆಗೆಸಲಿಲ್ಲ. ಮುಂದಿನ ಕೋಣೆಯ ಗೂಡಿನಲ್ಲಿ ಅದಕ್ಕೆ ಕಸೂತಿಯ ಮುಸುಕು ಹಾಕಿ, ದಿನಾ ಒರೆಸುತ್ತಿದ್ದರು. ಮೇಲಿನ ಅಂತಸ್ತಿನಲ್ಲಿದ್ದ ಮಗ ಸೊಸೆ ಎಷ್ಟು ಹೇಳಿದರೂ ಆ ಕನೆಕ್ಷನ್ ಮುಚ್ಚಲು ಅವರು ಒಪ್ಪಲಿಲ್ಲ. ಊರ ಕಡೆ ಯಾರ್ಯಾರ ಮನೆಯ ಗೋಡೆಯ ಮೇಲೆ ಆ ನಂಬರು ಬರೆದಿದೆಯೋ, ಯಾರಾದರೂ ಮಾಡಿದರೆ ಏನು ಗತಿ ಎಂಬುದು ಅವರ ವಾದ. ಸತ್ತ ಫೋನಿಗೆ ಯಾರು ಮಾಡುತ್ತಾರೆ ಎಂದು ನಾವೆಲ್ಲ ಹಿಂದಿನಿಂದ ನಗುತ್ತಿದ್ದೆವು.

ನಾನು ಕೆಲಸ ಮಾಡುವುದು ಒಂದು ವಿಮಾ ಕಂಪನಿಯ ಸಹಾಯವಾಣಿಯಲ್ಲಿ, ಕನ್ನಡ ವಿಭಾಗದಲ್ಲಿ. ಕರ್ನಾಟಕದ ಯಾವುದೋ ಊರಿನಿಂದ ಜನ ಕರೆ ಮಾಡುತ್ತಾರೆ, ಹೈದರಾಬಾದಿನಲ್ಲಿ ಕುಳಿತು ನಾನು ಉತ್ತರ ಕೊಡುತ್ತೇನೆ. ಕಚೇರಿ ಅಮೀರ್‌ಪೇಟ್ ದಾಟಿ ಆಚೆ, ಬಸ್ಸಿನಲ್ಲಿ ಹೋಗಿ ಮೆಟ್ರೊ ಹಿಡಿಯಬೇಕು. ಒಂದು ಬೆಳಿಗ್ಗೆ ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡೆ. ರಾಡು ಹಾಕಿದರು. ಮಳೆಗಾಲ ಮುಗಿಯುವವರೆಗೆ ಬಸ್ಸಿನ ಮಾತೇ ಬೇಡ ಎಂದರು ಡಾಕ್ಟರು. ಕಂಪನಿಯವರು ಮನೆಯಿಂದ ಕೆಲಸ ಮಾಡಲು ಒಪ್ಪಿದರು, ಒಂದು ಷರತ್ತಿನ ಮೇಲೆ. ತಿಂಗಳೊಳಗೆ ಮನೆಗೆ ತಂತಿಯ ಬ್ರಾಡ್‌ಬ್ಯಾಂಡ್ ಬಂದಿರಬೇಕು, ಅದನ್ನು ಅವರು ವಿಡಿಯೊ ಕರೆಯಲ್ಲಿ ನೋಡಬೇಕು. ಮೊಬೈಲ್ ಇಂಟರ್‌ನೆಟ್ ನಡೆಯುವುದಿಲ್ಲ. ಇಲ್ಲದಿದ್ದರೆ ನನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ. ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ, ಮನೆ ನಡೆಯುವುದು ನನ್ನ ಕೆಲಸದಿಂದ. ಕಾಲು ಮುರಿದ ಹೆಂಗಸಿಗೆ, ನಲವತ್ತು ದಾಟಿದ ಮೇಲೆ, ಇನ್ನೊಂದು ಕೆಲಸ ಯಾರು ಕೊಡುತ್ತಾರೆ?

ಬ್ರಾಡ್‌ಬ್ಯಾಂಡಿಗೆ ಏನು ಬರಗಾಲ ಎಂದುಕೊಂಡೆ. ನಗರದ ಕಂಬಗಳಿಗೆಲ್ಲ ಕಪ್ಪು ತಂತಿಯ ಸುರುಳಿಗಳು ಜೋತಾಡುತ್ತಿರುತ್ತವೆ. ಮಂಚದ ಮೇಲೆ ಮಲಗಿಕೊಂಡೇ, ಮೊಬೈಲಿಗೆ ಒಂದು ಗೆರೆ ಸಿಗ್ನಲ್ ಬಂದಾಗಲೆಲ್ಲ ಕಂಪನಿಗಳ ವೆಬ್‌ಸೈಟ್ ತೆರೆಯತೊಡಗಿದೆ. ಮೊದಲನೆಯದು ಪಿನ್ ಕೋಡ್ ಕೇಳಿತು, ಹಾಕಿದೆ. ಬಣ್ಣದ ಕಾಗದದ ಚೂರುಗಳು ಪರದೆಯ ಮೇಲೆಲ್ಲ ಉದುರಿ, ಅಭಿನಂದನೆಗಳು, ನಿಮ್ಮ ಪ್ರದೇಶದಲ್ಲಿ ಸೇವೆ ಲಭ್ಯವಿದೆ ಎಂದು ಬಂತು. ನನಗೆ ನಿಜವಾಗಿ ಖುಷಿಯಾಯಿತು. ಅವ್ವನಿಗೆ ಚಹಾ ಮಾಡಲು ಹೇಳಿದೆ. ಮೂರನೆಯ ದಿನ ಒಬ್ಬ ಬಂದು, ದೊಡ್ಡ ರಸ್ತೆಯ ಕಂಬ ನೋಡಿ, ನಮ್ಮ ಮನೆ ಎಲ್ಲಿದೆ ಎಂದು ಕತ್ತು ಚಾಚಿ ನೋಡಿ, ಬಾಗಿಲಿಗೂ ಬರದೆ ಹೋದ. ಸಂಜೆ ಸಂದೇಶ ಬಂತು. ನಿಮ್ಮ ವಿಳಾಸ ಫೀಸಿಬಲ್ ಅಲ್ಲ.

ಎರಡನೆಯ ಕಂಪನಿಯ ಪಟ್ಟಿಯಲ್ಲಿ ನಮ್ಮ ಕಾಲೊನಿಯ ಹೆಸರೇ ಇರಲಿಲ್ಲ. ಅದೇ ಥರದ ಹೆಸರಿನ ಇನ್ನೊಂದು ಕಾಲೊನಿ ಇತ್ತು. ಏನನ್ನೂ ಆರಿಸದೆ ಮುಂದಕ್ಕೆ ಬಿಡುವುದಿಲ್ಲವಲ್ಲ, ಅದನ್ನೇ ಒತ್ತಿದೆ. ಅವರ ಹುಡುಗರು ಹೆದ್ದಾರಿಯ ಆಚೆ ಹೋಗಿ, ಅಲ್ಲಿಂದ ಫೋನ್ ಮಾಡಿ, ನೀವು ಎಲ್ಲಿದ್ದೀರಿ ಎಂದು ತೆಲುಗಿನಲ್ಲಿ ಬೈದರು. ಇನ್ನೊಬ್ಬರು ನಕ್ಷೆಯಲ್ಲಿ ಮನೆಯ ಮೇಲೆ ಗುರುತು ಇಡಿ ಎಂದರು. ಎಲ್ಲಿ ಇಟ್ಟರೂ ಆ ಗುರುತು ಹಾರಿ ಕಾರ್ಖಾನೆಯ ಗೋಡೆಯೊಳಗೆ ಬೀಳುತ್ತಿತ್ತು. ಅದು ನಿರ್ಬಂಧಿತ ಪ್ರದೇಶ, ಸೇವೆ ಇಲ್ಲ. ಮತ್ತೊಂದು ಕಂಪನಿ ನನ್ನ ಕೋರಿಕೆಯನ್ನು, ಗ್ರಾಹಕರು ಫೋನಿಗೆ ಸಿಗಲಿಲ್ಲ ಎಂಬ ಕಾರಣ ಕೊಟ್ಟು ಮುಚ್ಚಿಹಾಕಿತು. ನಾನು ಮಂಚ ಬಿಟ್ಟು ಏಳುವಂತಿರಲಿಲ್ಲ, ಫೋನು ತಲೆದಿಂಬಿನ ಮೇಲೇ ಇತ್ತು.

ಎಲ್ಲಕ್ಕಿಂತ ಉರಿಸಿದ್ದು ಅವರ ಸಹಾಯವಾಣಿಯ ದನಿ. ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ, ನಿಮ್ಮ ತಾಳ್ಮೆಗೆ ಧನ್ಯವಾದ, ಇನ್ನೇನಾದರೂ ಸಹಾಯ ಬೇಕೆ. ಇದೇ ಮಾತುಗಳನ್ನು ಇದೇ ರಾಗದಲ್ಲಿ ದಿನವಿಡೀ ಹೇಳಿ ಸಂಬಳ ತೆಗೆದುಕೊಳ್ಳುವವಳು ನಾನು. ಈ ಕಡೆ ಕುಳಿತು ಕೇಳಿದಾಗ ಅದು ಎಷ್ಟು ಹೊಟ್ಟೆ ಉರಿಸುತ್ತದೆ ಎಂದು ಆಗ ಗೊತ್ತಾಯಿತು. ಒಬ್ಬಳನ್ನಂತೂ ಕೇಳಿಯೇಬಿಟ್ಟೆ, ಇದೆಯೋ ಇಲ್ಲವೋ ಒಂದು ಮಾತು ಹೇಳಲು ಏನು ಕಷ್ಟ ಎಂದು. ವೆಬ್‌ಸೈಟಿನಲ್ಲಿ ಪಿನ್ ಕೋಡ್ ಹಾಕಿ ನೋಡಿ ಎಂದಳು.

ಇದೆಲ್ಲ ಅವ್ವನ ಬಾಯಿಂದ ಮೌಶಿಗೆ ತಲುಪಿತು. ಮರುದಿನವೇ ಬಂದು ನನ್ನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತರು. ಕಾಲಿನ ವಿಚಾರ ಕೇಳಲೇ ಇಲ್ಲ. ಎಷ್ಟು ಕಂಪನಿ, ಯಾರು ಏನಂದರು, ಎಲ್ಲಿಗೆ ಬಂದು ನಿಂತಿದೆ ಎಂದು ಒಂದೊಂದಾಗಿ ಕೇಳಿಕೊಂಡರು. ಮೊದಲು ಬಂದ ಕಂಪನಿಯ ಆಸಾಮಿ ಹೋಗುವಾಗ ಚಹಾದಂಗಡಿಯಲ್ಲಿ ಒಂದು ಮಾತು ಹೇಳಿದ್ದನಂತೆ. ಒಂದು ಮನೆಗಾಗಿ ಒಳಗೆ ತಂತಿ ಎಳೆಯುವುದಿಲ್ಲ, ಓಣಿಯವರೆಲ್ಲ ಕೇಳಿದರೆ ಮೇಲಿನವರು ಮಂಜೂರು ಮಾಡುತ್ತಾರೆ ಎಂದು. ಇಷ್ಟೇ ಸಾಕಾಯಿತು ಮೌಶಿಗೆ.

“ಓಣಿ ಕೂಡಸೋದು ನನಗ ಬಿಡು. ನೀ ಕಾಲು ನೋಡ್ಕೊ” ಎಂದು ಎದ್ದರು.

ಮಂಡಿನೋವಿನ ಆ ಹೆಂಗಸು ಮನೆಮನೆ ತಿರುಗಿದರು. ಇಂಟರ್‌ನೆಟ್ಟು ಏನು, ಏಕೆ ಎಂದು ಅವರಿಗೇನೂ ಗೊತ್ತಿರಲಿಲ್ಲ. ಕೊನೆ ಮನೆಯ ಹುಡುಗಿಯ ಕೆಲಸ ಹೋಗುತ್ತದೆ, ಎಲ್ಲರೂ ಕಂಪನಿಗೆ ಅರ್ಜಿ ಹಾಕಿ ಎಂದಷ್ಟೇ ಹೇಳಿದರು. ನನ್ನನ್ನು ಇನ್ನೂ ಹುಡುಗಿ ಎನ್ನುತ್ತಿದ್ದವರು ಅವರೊಬ್ಬರೇ. ಯಾರೂ ಇಲ್ಲ ಎನ್ನಲಿಲ್ಲ. ಭಾನುವಾರದ ಬೆಳಿಗ್ಗೆ ಎಲ್ಲ ಮನೆಗಳಲ್ಲಿ ಯಾರಾದರೊಬ್ಬರು ಮೊಬೈಲ್ ಹಿಡಿದು ಕುಳಿತರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮೌಶಿ ಎಷ್ಟೋ ವರ್ಷಗಳ ಮೇಲೆ ಮಾಳಿಗೆಯ ಮೇಲೆ ಕಾಣಿಸಿಕೊಂಡರು. ಕೈಯಲ್ಲಿ ತಮ್ಮ ಸಣ್ಣ ಮೊಬೈಲು, ಪಕ್ಕದಲ್ಲಿ ಓದಿ ಹೇಳಲು ಸೊಸೆ. ಅಲ್ಲಿಂದ ಕೂಗಲು ಶುರು ಮಾಡಿದರು. ರಾಯಚೂರಿನವರ ಸೊಸೆಗೆ ನಾಲ್ಕು ಅಂಕಿ, ಹೊಲಿಗೆ ಅಕ್ಕನಿಗೆ ನಾಲ್ಕು ಅಂಕಿ. ಓಟಿಪಿಯನ್ನು ಮಾಳಿಗೆಯಿಂದ ಕೂಗಿ ಹೇಳಿದ ಊರು ಪ್ರಪಂಚದಲ್ಲಿ ನಮ್ಮದೊಂದೇ ಇರಬೇಕು. ಓಣಿಯೆಲ್ಲ ನಗುತ್ತಿತ್ತು, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಿದ್ದವಳಿಗೆ ಸಂಗತಿ ಏನೆಂದು ಹೊಳೆದು ನಗು ಅಲ್ಲೇ ನಿಂತಿತು.

ಎಲ್ಲರೂ ಅರ್ಜಿಯಲ್ಲಿ ಮೌಶಿಯ ಮೊಬೈಲಿನ ನಂಬರು ಕೊಟ್ಟಿದ್ದರು.

ಮೌಶಿಯೇ ಹಾಗೆ ಹೇಳಿದ್ದರು. ನೀವೆಲ್ಲ ಡ್ಯೂಟಿಗೆ ಹೋಗಿರುತ್ತೀರಿ, ಕಂಪನಿಯವರು ಫೋನ್ ಮಾಡಿದರೆ ಎತ್ತುವವರು ಬೇಕು, ನಾನು ಮನೆಯಲ್ಲೇ ಇರುತ್ತೇನೆ. ಓಣಿಯವರಿಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ತಲೆಮಾರಿನಿಂದ ಮಾಡಿಕೊಂಡು ಬಂದದ್ದು. ಆದರೆ ಕಂಪನಿಯ ಯಂತ್ರಕ್ಕೆ ಪಿ.ಪಿ. ಎಂದರೆ ಏನು ಗೊತ್ತು? ಒಂದೇ ನಂಬರಿನಿಂದ ಒಬ್ಬಳೇ ಹೆಂಗಸು ಬೇರೆಬೇರೆ ಹೆಸರು ಹೇಳಿಕೊಂಡು ಅರ್ಜಿಯ ಮೇಲೆ ಅರ್ಜಿ ಹಾಕುತ್ತಿದ್ದಾಳೆ ಎಂದು ಅದು ತಿಳಿಯಿತು. ಮಧ್ಯಾಹ್ನದ ಹೊತ್ತಿಗೆ ಒಂದನ್ನು ಬಿಟ್ಟು ಎಲ್ಲ ಅರ್ಜಿಗಳೂ ರದ್ದು, ಆ ಒಂದರಿಂದ ಓಣಿಯೊಳಗೆ ತಂತಿ ಬರುವುದಿಲ್ಲ. ಸಂಜೆಗೆ ಆ ನಂಬರನ್ನೂ, ನಮ್ಮ ಓಣಿಯ ವಿಳಾಸವನ್ನೂ ಅನುಮಾನದ ಪಟ್ಟಿಗೆ ಸೇರಿಸಿದರು. ಎಲ್ಲರ ನಂಬರಿನಿಂದ ಮತ್ತೆ ಹಾಕಿಸೋಣ ಎಂದರೆ, ಈ ವಿಳಾಸದ ಅರ್ಜಿಯನ್ನು ಮೂರು ತಿಂಗಳು ತೆಗೆದುಕೊಳ್ಳುವುದಿಲ್ಲ ಎಂದಿತು ಸಹಾಯವಾಣಿ. ನನಗೆ ಉಳಿದದ್ದು ಒಂದು ವಾರ.

ಇದನ್ನು ಮೌಶಿಗೆ ಹೇಳುವವರು ಯಾರು? ಅವ್ವ ತನ್ನ ಕೈಲಾಗದು ಎಂದಳು. ನಾನೇ ಕರೆಸಿ ಹೇಳಿದೆ. ಎಷ್ಟು ಮೆತ್ತಗೆ ಹೇಳಿದರೂ ಅದು ಮೆತ್ತಗಾಗುವ ಮಾತಲ್ಲ. ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು.

“ನನ್ನ ನಂಬರಿಂದ ಕೆಟ್ಟಿತು ಅನ್ನು” ಎಂದರು ಕೊನೆಗೆ. “ನನ್ನ ನಂಬರಿಂದ ಯಾರ ಕೆಲಸನೂ ಕೆಟ್ಟಿದ್ದಿಲ್ಲವ್ವ ಇಲ್ಲೀತನಕ.”

ಆ ದಿನ ಅವರು ಹೋದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಓಣಿಯಲ್ಲಿ ಯಾರೋ ಮಾತಾಡಿಸಿದರೆ ನಿಲ್ಲಲಿಲ್ಲ. ನನಗೆ ಕೆಲಸ ಹೋಗುವ ಚಿಂತೆಗಿಂತ ಅದೇ ದೊಡ್ಡ ಸಂಕಟವಾಯಿತು ಎಂದರೆ ಸುಳ್ಳಾಗುತ್ತದೆ. ಎರಡೂ ಇದ್ದವು. ಟೀಮ್ ಲೀಡರ್ ಫೋನ್ ಮಾಡಿ ಏನಾಯಿತು ಎಂದು ಕೇಳಿದ, ನೋಡುತ್ತಿದ್ದೇನೆ ಎಂದೆ. ಬೇರೆ ಹುಡುಗಿಯೊಬ್ಬಳಿಗೆ ಆಗಲೇ ತರಬೇತಿ ಶುರುವಾಗಿದೆ ಎಂದು ಜೊತೆಯವಳು ತಿಳಿಸಿದಳು. ಅವ್ವ ದೇವರಿಗೆ ದೀಪ ಹಚ್ಚಿ ಅದರ ಮುಂದೆ ಕೂರುತ್ತಿದ್ದಳು. ನಾನು ಮತ್ತೆ ಮತ್ತೆ ಅದೇ ಪಿನ್ ಕೋಡ್ ಹಾಕಿ, ಮತ್ತೆ ಮತ್ತೆ ಅದೇ ಬಣ್ಣದ ಕಾಗದ ಉದುರುವುದನ್ನು ನೋಡುತ್ತಿದ್ದೆ. ಆ ಫೋನನ್ನು ಗೋಡೆಗೆ ಎಸೆಯಬೇಕು ಎನ್ನಿಸುತ್ತಿತ್ತು.

ಮೌಶಿ ಎರಡು ದಿನ ಕಾಣಲಿಲ್ಲ. ಆಮೇಲೆ ಗೊತ್ತಾಯಿತು, ಮಗನನ್ನು ಕರೆದುಕೊಂಡು ಟೆಲಿಫೋನ್ ಕಚೇರಿಗೆ ಹೋಗಿದ್ದರು. ತಮ್ಮ ಹಳೆಯ ಫೋನಿನ ಕಚೇರಿಗೆ. ಅಲ್ಲಿಯವರು ದೊಡ್ಡ ರಸ್ತೆಯಲ್ಲಿರುವ ಮೌಶಿಯ ಮನೆಗೆ ಹೊಸ ಫೈಬರ್ ತಂತಿ ಕೊಡಲು ಒಪ್ಪಿದರು. ಕಂಬ ಬಾಗಿಲಲ್ಲೇ ಇತ್ತು. ಒಳಗಿನ ಮನೆಗಳಿಗೆ ಮುಟ್ಟುವುದಿಲ್ಲ ಎಂದರು. ಹೊಸದನ್ನು ಕೊಡಬೇಕಾದರೆ, ತೀರಿಹೋದ ಯಜಮಾನರ ಹೆಸರಿನಲ್ಲಿರುವ ಹಳೆಯ ಕನೆಕ್ಷನ್ ಮುಚ್ಚಬೇಕು, ಆ ನಂಬರು ವಾಪಸು ಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಮಗ ಮನೆಗೆ ಹೋಗಿ ಯೋಚಿಸೋಣ ಎಂದನಂತೆ. ಮೌಶಿ ಅಲ್ಲೇ ಹೆಬ್ಬೆಟ್ಟು ಒತ್ತಿದರು.

ನನಗೆ ತಿಳಿಸಲು ಬಂದಾಗ ಅವರ ಮುಖ ಇಳಿದಿತ್ತು. ಇಷ್ಟು ವರ್ಷ ಇಟ್ಟುಕೊಂಡ ನಂಬರನ್ನು ಏಕೆ ಕೊಟ್ಟಿರಿ, ನನ್ನ ಕೆಲಸಕ್ಕಾಗಿ ಇಷ್ಟು ಬೇಕಿತ್ತೇ ಎಂದೆ. ಸಿಟ್ಟಿನಿಂದಲೇ ಹೇಳಿದೆ, ಏಕೆಂದರೆ ಅಳು ಬರುತ್ತಿತ್ತು.

“ಊರವರೆಲ್ಲ ಈಗ ಮೊಬೈಲಿಗೇ ಮಾಡ್ತಾರ. ಅದು ನನಗೂ ಗೊತ್ತೈತಿ, ನೀವು ನಗೋದೂ ಗೊತ್ತೈತಿ” ಎಂದರು. “ನೀ ನಾಳಿಂದ ನಮ್ಮ ಮನ್ಯಾಗ ಕುಂತು ಕೆಲಸ ಮಾಡು. ಆ ಜಾಗಾ ಖಾಲಿನೇ ಐತಿ.”

ಮುಂದಿನ ಕೋಣೆಯ ಗೂಡಿನಿಂದ ಫೋನು ಹೋಯಿತು, ರೂಟರ್ ಬಂತು. ಮೌಶಿ ಅದಕ್ಕೂ ಮುಸುಕು ಹಾಕಲು ಹೋದಾಗ, ಬಿಸಿಯಾಗುತ್ತದೆ ಎಂದು ನಾನು ತಡೆಯಬೇಕಾಯಿತು. ವಾಕರ್ ಹಿಡಿದುಕೊಂಡು ಓಣಿಯುದ್ದಕ್ಕೂ ನಡೆಯುವುದು ಕಾಲಿಗೆ ಒಳ್ಳೆಯದು ಎಂದು ಡಾಕ್ಟರೂ ಹೇಳಿದ್ದರು. ಎಲ್ಲ ಸರಿಹೋಯಿತು ಎಂದುಕೊಂಡರೆ ಇನ್ನೊಂದು ಉಳಿದಿತ್ತು. ಕೆಲಸ ಮಾಡುವ ಜಾಗ ನನ್ನ ಮನೆಯೇ ಆಗಿರಬೇಕು. ವಿಡಿಯೊ ಕರೆಯಲ್ಲಿ ಬಂದ ತಪಾಸಣೆಯ ಹುಡುಗ ಕೋಣೆ ನೋಡಿದ, ರೂಟರ್ ನೋಡಿದ, ವೇಗ ನೋಡಿದ. ಆಮೇಲೆ ಹಿಂದಿಯಲ್ಲಿ, ನಿಮ್ಮ ಗುರುತಿನ ಚೀಟಿಯಲ್ಲಿ ಬೇರೆ ಮನೆ ನಂಬರು ಇದೆಯಲ್ಲ, ಇದು ಯಾರ ಮನೆ ಎಂದು ಕೇಳಿದ. ನಿಜ ಹೇಳಿದರೆ ಕೆಲಸ ಹೋಗುತ್ತಿತ್ತು, ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

ನನ್ನ ಹೆಗಲ ಮೇಲಿನಿಂದ ಮೌಶಿ ಮುಖ ತೂರಿಸಿದರು. ತಮ್ಮ ಹೈದರಾಬಾದಿ ಹಿಂದಿಯಲ್ಲಿ ಹೇಳಿದರು: “ಹಮಾರಿ ಬೇಟಿ ಹೈ ಬಾಬಾ. ಪಾಂವ್ ಟೂಟೇ ಸೋ ಬೇಟಿ ಮಾಂ ಕೇ ಘರ್ ಮೇ ನೈ ರಹೇಗಿ ತೋ ಕಾಂ ರಹೇಗಿ?”

ನಮ್ಮ ಮಗಳು, ಕಾಲು ಮುರಿದ ಮಗಳು ತಾಯಿಯ ಮನೆಯಲ್ಲಿ ಇರದೆ ಎಲ್ಲಿರುತ್ತಾಳೆ ಎಂದು ಅವರು ಕೇಳಿದ ರೀತಿಗೆ ಆ ಹುಡುಗ ನಕ್ಕುಬಿಟ್ಟ. ಅಮ್ಮನಿಗೆ ನಮಸ್ಕಾರ ಹೇಳಿ, ಸರಿ ಎಂದು ಗುರುತು ಹಾಕಿಕೊಂಡ. ನನ್ನ ಹೆತ್ತ ಅವ್ವ ಊಟದ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಹೋಗಿ ಮೌಶಿಯ ತಟ್ಟೆಗೂ ನನ್ನ ತಟ್ಟೆಗೂ ರೊಟ್ಟಿ ಹಾಕಿದಳು.

ಕಾಲು ಸರಿಯಾದ ಮೇಲೂ ನಾನು ಕಚೇರಿಗೆ ಮರಳಲಿಲ್ಲ, ಕಂಪನಿಯವರೂ ಕರೆಯಲಿಲ್ಲ. ಮೌಶಿಯ ಮನೆಯೇ ಕನ್ನಡ ವಿಭಾಗವಾಯಿತು. ಕೆಲಸದ ಹೊತ್ತಿನಲ್ಲಿ ಕೋಣೆಯೊಳಗೆ ಬೇರೆಯವರು ಇರಬಾರದು ಎಂಬ ನಿಯಮವನ್ನು ಅವರಿಗೆ ಹೇಳಿದ್ದೆ. ಅದನ್ನು ಪಾಲಿಸಿದ್ದು ಅವರದೇ ರೀತಿಯಲ್ಲಿ. ಒಳಮನೆಯ ಹೊಸ್ತಿಲಿನ ಆಚೆ ಮಣೆ ಹಾಕಿಕೊಂಡು ಕುಳಿತು, ಸೊಪ್ಪು ಬಿಡಿಸುತ್ತ, ಅಕ್ಕಿ ಆರಿಸುತ್ತ, ನನ್ನ ಕಡೆಯ ಮಾತನ್ನಷ್ಟೇ ಕೇಳಿಸಿಕೊಳ್ಳುತ್ತಿದ್ದರು. ಆ ಕಡೆಯವರು ಏನಂದಿರಬಹುದು ಎಂದು ಅವರೇ ಊಹಿಸಿಕೊಳ್ಳುತ್ತಿದ್ದರು. ಬಹಳ ಸಲ ಊಹೆ ತಪ್ಪಿರುತ್ತಿತ್ತು. ಸತ್ತೇ ಇರದ ಎಷ್ಟೋ ಗಂಡಂದಿರಿಗಾಗಿ ಅವರು ಲೊಚಗುಟ್ಟಿದ್ದಾರೆ.

ಕೆಲವೊಮ್ಮೆ ಕರೆ ಮುಗಿದ ಮೇಲೆ ಟೀಕೆಯೂ ಬರುತ್ತಿತ್ತು. ನಾನು ಬೇಗ ಬೇಗ ಮಾತಾಡುತ್ತೇನೆ, ಎದುರಿನವರಿಗೆ ಉಸಿರಾಡಲು ಬಿಡುವುದಿಲ್ಲ, ಆಗದು ಎನ್ನುವ ಮಾತನ್ನು ಇಷ್ಟು ಸಲೀಸಾಗಿ ಹೇಳಬಾರದು. ಒಂದು ಕರೆಗೆ ಇಂತಿಷ್ಟೇ ಹೊತ್ತು ಎಂದು ಕಂಪನಿಯ ಲೆಕ್ಕವಿದೆ ಎಂದು ನಾನು ವಾದಿಸುತ್ತಿದ್ದೆ. ಕಂಪನಿಯ ಲೆಕ್ಕ ನನಗೆ ಹೇಳಬೇಡ ಎಂದು ಅವರು ಸೊಪ್ಪಿಗೆ ಮರಳುತ್ತಿದ್ದರು. ಇದರಿಂದ ನನಗೆ ಕಿರಿಕಿರಿಯಾಗುತ್ತಿತ್ತು. ಆದರೂ ಒಬ್ಬರ ಕೋರಿಕೆ ತಿರಸ್ಕಾರವಾಗಿದೆ ಎಂದು ಹೇಳಬೇಕಾಗಿ ಬಂದಾಗ, ಕುಳಿತಿದ್ದೀರಾ ಎಂದು ನಾನು ಮೊದಲು ಕೇಳತೊಡಗಿದ್ದು ಆ ದಿನಗಳಲ್ಲೇ. ನಮ್ಮ ತರಬೇತಿಯಲ್ಲಿ ಅಂಥ ಪ್ರಶ್ನೆ ಇಲ್ಲ. ಗುಣಮಟ್ಟ ನೋಡುವವರು ಒಂದೆರಡು ಸಲ ಆಕ್ಷೇಪ ಎತ್ತಿ ಸುಮ್ಮನಾದರು.

ಹೋದ ವರ್ಷದ ಬೇಸಿಗೆಯ ಒಂದು ಮಧ್ಯಾಹ್ನ ಕೊಪ್ಪಳದ ಕಡೆಯ ಒಬ್ಬ ಹೆಂಗಸಿನ ಕರೆಯಲ್ಲಿದ್ದೆ. ಅವರ ಗಂಡ ತೀರಿಕೊಂಡು ತಿಂಗಳಾಗಿತ್ತು. ಈ ಸಲ ನಿಜವಾಗಿಯೂ. ಯಾವ ಕಾಗದ ಕಳಿಸಬೇಕು, ಎಲ್ಲಿಗೆ ಕಳಿಸಬೇಕು, ಯಾರನ್ನು ಕೇಳಿದರೂ ಇನ್ನೊಬ್ಬರನ್ನು ಕೇಳು ಎನ್ನುತ್ತಾರೆ ಎಂದು ತಡವರಿಸುತ್ತ ಹೇಳುತ್ತಿದ್ದರು. ನಾನು ವಿವರಿಸುತ್ತಿರುವಾಗ ಒಳಮನೆಯಲ್ಲಿ ಮೊರ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಮೌಶಿ ಗೋಡೆಗೆ ಒರಗಿದ್ದರು, ಮೆಂತ್ಯೆ ಸೊಪ್ಪು ನೆಲದ ಮೇಲೆಲ್ಲ ಚೆಲ್ಲಿತ್ತು, ಮುಖ ಬೆವರಿನಿಂದ ತೊಯ್ದಿತ್ತು. ಹೆಡ್‌ಫೋನ್ ಕಿತ್ತು, ಕರೆ ಕತ್ತರಿಸಿ ಓಡಿದೆ. ಸೊಸೆಯನ್ನು ಕೂಗಿದೆ. ಅವಳು ಆಟೊ ತರಲು ರಸ್ತೆಗೆ ಓಡಿದಳು. ನಾನು ಮೌಶಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಾಳಿ ಹಾಕುತ್ತಿದ್ದೆ.

“ಫೋನ್ ಯಾಕ ಇಟ್ಟಿ?” ಎಂದರು.

ಮಾತಾಡಬೇಡಿ, ಆಟೊ ಬರುತ್ತದೆ ಎಂದೆ.

“ಆಕಿ ಮಾತು ಮುಗಿದಿರಲಿಲ್ಲಲ್ಲ” ಎಂದರು. ಉಸಿರು ಎಳೆದುಕೊಂಡು, ನನ್ನ ಕೈ ಹಿಡಿದು, “ಏನಂತ ತಿಳಕೋಬೇಕವ್ವ ಆಕಿ? ಮತ್ತ ಮಾಡು” ಎಂದರು.

ಮಾಡುತ್ತೇನೆ ಎಂದೆ. ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಅವರ ಪ್ರಜ್ಞೆ ತಪ್ಪಿತು, ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗಿಬಿಟ್ಟರು. ಓಣಿಯಲ್ಲಿ ಮನೆಮನೆಗೂ ಹೋಗಿ ಹೇಳಬೇಕಾದ ಕೆಲಸ ಅವತ್ತು ಅವ್ವನ ಪಾಲಿಗೆ ಬಂತು. ಕೆಲವರಿಗೆ ನಂಬಿಕೆಯೇ ಬರಲಿಲ್ಲ. ಇಂಥ ಸುದ್ದಿಯನ್ನು ಅವರಲ್ಲದೆ ಇನ್ನೊಬ್ಬರು ತಂದದ್ದನ್ನು ನಮ್ಮ ಓಣಿ ಕಂಡಿರಲಿಲ್ಲ.

ನನಗೆ ಆ ದಿನಗಳಲ್ಲಿ ಅಳು ಬರಲಿಲ್ಲ. ಎಲ್ಲರೂ ಅತ್ತರು, ಅವ್ವ ಅತ್ತತ್ತು ಹಾಸಿಗೆ ಹಿಡಿದಳು, ನಾನು ಬಂದವರಿಗೆ ಚಾಪೆ ಹಾಸುತ್ತ ಓಡಾಡಿದೆ. ದಿನಕರ್ಮ ಮುಗಿದ ಮರುದಿನ ಕೆಲಸಕ್ಕೆ ಕುಳಿತೆ. ಮುಗಿಸದೆ ಕರೆ ಕತ್ತರಿಸಿದ್ದಕ್ಕೆ ಟೀಮ್ ಲೀಡರ್ ಕಾರಣ ಕೇಳಿದ, ಹೇಳಿದೆ. ನಮ್ಮ ಕಡೆಯಿಂದ ನಾವಾಗಿ ಗ್ರಾಹಕರಿಗೆ ಕರೆ ಮಾಡುವಂತಿಲ್ಲ. ಅದೊಂದು ಕರೆಗೆ ಒಪ್ಪಿಗೆ ಬೇಕೆಂದು ಕೇಳಿದೆ. ಅವನು ಮಾಡಿ ಎಂದ.

ಕೊಪ್ಪಳದ ಆ ಹೆಂಗಸು ತಕ್ಷಣ ಎತ್ತಿದರು. ನಾನು ಯಾರು ಎಂದು ಹೇಳಿದೆ.

“ನಾನ ಏನರ ತಪ್ಪು ಮಾತಾಡಿದ್ನೇನೋ, ಅದಕ್ಕ ಇಟ್ಟುಬಿಟ್ರಿ ಅನಕೊಂಡಿದ್ನಿರಿ” ಎಂದರು. “ಅದಕ್ಕ ಮತ್ತ ಮಾಡಾಕ ಅಂಜಿ ಬಿಟ್ಟಿನ್ರಿ.”

ಇಷ್ಟು ದಿನ ಆಕೆ ಹಾಗೆಂದುಕೊಂಡೇ ಕುಳಿತಿದ್ದರು. ನಾನು ಕರೆ ಮಾಡದಿದ್ದರೆ ಬಹುಶಃ ಇನ್ನೆಂದೂ ಆ ಕಾಗದಗಳನ್ನು ಕಳಿಸುತ್ತಿರಲಿಲ್ಲ.

“ನಿಮ್ಮದೇನೂ ತಪ್ಪಿಲ್ಲರಿ” ಎಂದೆ. “ನಮ್ಮ ಮನ್ಯಾಗ ತಾಯಿಗೆ ಆರಾಮ ತಪ್ಪಿತ್ತು. ನಿಮಗ ಮತ್ತ ಫೋನ್ ಮಾಡು ಅಂತ ಅವ್ರೇ ಹೇಳಿದ್ರು.”

ಈಗ ಹೇಗಿದ್ದಾರೆ ಎಂದು ಆಕೆ ಕೇಳಿದರು. ತೀರಿಕೊಂಡರು ಎಂದೆ. ತಮ್ಮ ದುಃಖವನ್ನು ಪಕ್ಕಕ್ಕಿಟ್ಟು ಆ ಅಪರಿಚಿತ ಹೆಂಗಸು ನನಗೆ ಸಮಾಧಾನ ಹೇಳಿದರು. ಆಮೇಲೆ ನಾನು ಯಾವ ಕಾಗದ, ಎಲ್ಲಿಗೆ, ಯಾರ ಸಹಿ ಎಂದು ಒಂದೊಂದಾಗಿ ಹೇಳಿದೆ. ಆಕೆ ತಿರುಗಿ ಒಪ್ಪಿಸುವಾಗ ಎರಡು ಸಲ ತಪ್ಪಿದರು, ಎರಡು ಸಲವೂ ಮೊದಲಿನಿಂದ ಹೇಳಿದೆ. ಇನ್ನೇನಾದರೂ ಕೇಳುವುದಿದೆಯೇ ಎಂದೆ. ಇಲ್ಲ, ಎಲ್ಲ ತಿಳಿಯಿತು ಎಂದರು. ಆಕೆ ಫೋನ್ ಇಡುವವರೆಗೂ ನಾನು ಇಡಲಿಲ್ಲ. ಇಟ್ಟ ಮೇಲೆ ಹೆಡ್‌ಫೋನ್ ತೆಗೆದು, ಮೌಶಿ ಹೋದ ನಂತರ ಮೊದಲ ಸಲ, ಬಾಯಿಬಿಟ್ಟು ಅತ್ತೆ.